ಮೂರು ಸಲ ಓದಿದರೂ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ, ಯಾಕೆ?

ಪ್ರಶ್ನೆ: ಸರ್, ನಾನು ಮಾನ್ವಿ ಕಡೆ ಹಳ್ಳಿಯಾಕಿ, ಹತ್ತನೇ ಕ್ಲಾಸು. ಸಮಾಜ ವಿಜ್ಞಾನ ಮೂರ್ಮೂರು ಸಲ ಓದೀನಿ. ಓದುವಾಗ ಎಲ್ಲಾ ಗೊತ್ತದ ಅನಸ್ತದ, ಟೆಸ್ಟಿನ್ಯಾಗ ಪೆನ್ನು ಹಿಡದ್ರ ಏನೂ ನೆನಪಾಗಂಗಿಲ್ಲ. ಹತ್ತಿ ಬಿಡಸೋ ಕೆಲಸಾನೂ ಇರ್ತದ, ದಿನಕ್ಕ ಒಂದೂವರೆ ತಾಸು ಓದಾಕ ಸಿಕ್ರ ಹೆಚ್ಚು. ನನ್ನ ತಲಿನೇ ಚಲೋ ಇಲ್ಲೇನು?

ಉತ್ತರ: ತಂಗಿ, ಕಡೆಯ ಮಾತಿಗೇ ಮೊದಲು ಉತ್ತರ. ನಿನ್ನ ತಲೆ ಚಲೋ ಇದೆ. ಸಿರುಗುಪ್ಪದ ಮಕ್ಕಳೂ ಇದನ್ನೇ ಕೇಳುತ್ತಾರೆ, ಕುಷ್ಟಗಿಯ ಮಕ್ಕಳೂ ಇದನ್ನೇ ಕೇಳುತ್ತಾರೆ. ನೀನು ರೂಢಿ ಮಾಡಿಕೊಂಡದ್ದು ಒಂದು ಕೆಲಸ, ಪರೀಕ್ಷೆ ಕೇಳುತ್ತಿರುವುದು ಇನ್ನೊಂದು. ಪುಸ್ತಕ ತೆರೆದಿದ್ದಾಗ ಸಾಲುಗಳು ಕಣ್ಣೆದುರೇ ಇರುತ್ತವೆ. ಎರಡನೇ ಸಲಕ್ಕೆ ಅವುಗಳ ಗುರುತು ಸಿಗುತ್ತದೆ, ಮೂರನೇ ಸಲಕ್ಕೆ ಸಲೀಸಾಗುತ್ತವೆ, ಮನಸ್ಸು "ಇದು ಬಂತು" ಎಂದು ಸುಮ್ಮನಾಗುತ್ತದೆ. ಬಾವಿಯಲ್ಲಿ ನೀರಿದೆ ಎಂದು ಬಗ್ಗಿ ನೋಡುವುದು ಬೇರೆ, ಹಗ್ಗ ಹಿಡಿದು ಸೇದುವುದು ಬೇರೆ. ಪರೀಕ್ಷೆಯಲ್ಲಿ ಬೇಕಾದದ್ದು ಎರಡನೆಯದು, ಅದನ್ನು ನೀನು ಒಮ್ಮೆಯೂ ಮಾಡಿಲ್ಲ.

ಇದನ್ನು ಪ್ರಯೋಗ ಮಾಡಿಯೇ ನೋಡಿದವರಿದ್ದಾರೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪಾಠ ನೋಡದೆ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು: ಮತ್ತೆ ಓದಿದವರಿಗೆ ನೂರಕ್ಕೆ ಸುಮಾರು 42ರಷ್ಟು ನೆನಪಿತ್ತು, ನೋಡದೆ ಬರೆದವರಿಗೆ ಸುಮಾರು 56ರಷ್ಟು. "ಗೊತ್ತದ" ಎಂದು ನಿನಗೆ ಅನಿಸಿದ್ದು ಸುಳ್ಳಲ್ಲ, ಅದರ ಆಯುಷ್ಯ ಕಡಿಮೆ ಅಷ್ಟೆ.

ಹಾಗಾಗಿ ಇನ್ನು ಮೇಲೆ ಎರಡು ಪುಟ ಓದು, ಪುಸ್ತಕ ಮುಚ್ಚು, ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ನೆನಪಾದದ್ದನ್ನು ಬರೆ. ಮೊದಮೊದಲು ನಾಲ್ಕು ಸಾಲೂ ಬರಲಿಕ್ಕಿಲ್ಲ, ಬೇಜಾರಾಗುತ್ತದೆ. ಆದರೂ ಪುಸ್ತಕಕ್ಕೆ ಕೈ ಹಾಕಬೇಡ. ತಡವರಿಸಿ ನೆನಪು ಮಾಡಿಕೊಳ್ಳುವ ಆ ಎರಡು ನಿಮಿಷದಲ್ಲೇ ಕಲಿಕೆ ಗಟ್ಟಿಯಾಗುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸು. ಮರುದಿನ ನೋಡಬೇಕಾದದ್ದು ಆ ಬಣ್ಣದ ಸಾಲುಗಳನ್ನು ಮಾತ್ರ. ನಂತರ ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಮತ್ತೆ ನೋಡದೆ ಬರೆ. ಕಲಿತದ್ದು ಮೊದಲ ತಾಸುಗಳಲ್ಲೇ ಹೆಚ್ಚು ಸೋರಿಹೋಗುತ್ತದೆ, ಬಿಡುವು ಕೊಟ್ಟು ಮರಳಿ ಕಲಿತರೆ ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡು ತೋರಿಸಿದ್ದ.

ಬಾಯಿಪಾಠ ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡದ ಪದ್ಯಕ್ಕೆ, ಗಣಿತದ ಸೂತ್ರಕ್ಕೆ ಅದು ಬೇಕೇ ಬೇಕು. ಇತಿಹಾಸಕ್ಕೆ ಮಾತ್ರ ಸಾಲದು. ನಿನಗೆ ಕಷ್ಟವಾಗಿರುವುದು ಸಮಾಜ ವಿಜ್ಞಾನವಾದ್ದರಿಂದ ಒಂದು ಪಾಠ ಹಿಡಿದೇ ನೋಡೋಣ. ಸಹಾಯಕ ಸೈನ್ಯ ಪದ್ಧತಿ. ಲಾರ್ಡ್ ವೆಲ್ಲೆಸ್ಲಿ, 1798. ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳಬೇಕು, ಖರ್ಚು ಅವನದೇ, ಇಲ್ಲವಾದರೆ ಪ್ರದೇಶ ಬಿಟ್ಟುಕೊಡಬೇಕು, ಆಸ್ಥಾನದಲ್ಲಿ ರೆಸಿಡೆಂಟ್ ಎಂಬ ಒಬ್ಬ ಬ್ರಿಟಿಷ್ ಪ್ರತಿನಿಧಿ ಇರುತ್ತಾನೆ, ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮಕ್ಕಳು ಇದನ್ನು ಉರು ಹೊಡೆಯುತ್ತಾರೆ, ಮೂರನೇ ಷರತ್ತಿಗೆ ತೊದಲುತ್ತಾರೆ.

ಈಗ ಇದೇ ಪಾಠವನ್ನು ನಿನ್ನ ಊರಿನಿಂದ ಓದು. ಈ ಒಪ್ಪಂದಕ್ಕೆ ಮೊದಲು ಸಹಿ ಹಾಕಿದವನು ಹೈದರಾಬಾದಿನ ನಿಜಾಮ. ಸೈನ್ಯದ ಖರ್ಚಿನ ಬಾಬತ್ತಿಗೆ ಅವನು 1800ರಲ್ಲಿ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಟಿಪ್ಪುವಿನಿಂದ ಅವನ ಪಾಲಿಗೆ ಬಂದಿದ್ದ ನೆಲ ಅದು. ಬಳ್ಳಾರಿ ಹೀಗೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿ, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನಿಮ್ಮ ರಾಯಚೂರು, ಪಕ್ಕದ ಕೊಪ್ಪಳ ನಿಜಾಮನ ಕೈಯಲ್ಲೇ ಇದ್ದವು, 1948ರ ಸೆಪ್ಟೆಂಬರಿನವರೆಗೆ. ನಮ್ಮಲ್ಲಿ ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ಧ್ವಜ ಹಾರಿಸುವುದು ಅದಕ್ಕೇ. "ಖರ್ಚು ಕೊಡದಿದ್ದರೆ ಪ್ರದೇಶ ಬಿಟ್ಟುಕೊಡಬೇಕು" ಎಂಬ ಷರತ್ತನ್ನು ನೀನಿನ್ನು ಮರೆಯಲಾರೆ. ನಿನ್ನ ಪಕ್ಕದ ಜಿಲ್ಲೆಯ ಕತೆಯೇ ಆ ಷರತ್ತು. ಪ್ರತಿ ಪಾಠಕ್ಕೂ "ಇದು ಯಾಕೆ ಹೀಗಾಯಿತು? ನಮ್ಮ ಕಡೆ ಏನಾಯಿತು?" ಎಂದು ಕೇಳಿಕೋ. ವಿವಿಧೋದ್ದೇಶ ನದಿ ಕಣಿವೆ ಯೋಜನೆ ಎಂದರೆ ತುಂಗಭದ್ರಾ ಕಾಲುವೆ, ಅದರ ನೀರಿಗೆ ಬೆಳೆಯುವ ಸಿಂಧನೂರು, ಗಂಗಾವತಿಯ ಭತ್ತ. ಉತ್ತರ ಕಣ್ಣೆದುರೇ ಇರುವಾಗ ಗೈಡಿನ ಸಾಲುಗಳಿಗೆ ಜೋತುಬೀಳಬೇಕಾಗಿಲ್ಲ.

ಗಣಿತಕ್ಕೆ ಒಂದೇ ಮಾತು: ಒಂದೇ ನಮೂನೆಯ ಹತ್ತು ಲೆಕ್ಕ ಸಾಲಾಗಿ ಬಿಡಿಸುವುದಕ್ಕಿಂತ, ಸಮಾಂತರ ಶ್ರೇಢಿಯದೊಂದು, ವರ್ಗ ಸಮೀಕರಣದ್ದೊಂದು, ತ್ರಿಕೋನಮಿತಿಯದೊಂದು ಎಂದು ಕಲಸಿ ಬಿಡಿಸು. ಇದು ಯಾವ ಅಧ್ಯಾಯದ ಲೆಕ್ಕ ಎಂದು ಪ್ರಶ್ನೆಪತ್ರಿಕೆ ಹೇಳುವುದಿಲ್ಲ. ವಿಜ್ಞಾನದ ಚಿತ್ರಗಳನ್ನೂ ನೋಡದೆ ಬರೆದು, ಭಾಗಗಳನ್ನು ಗುರುತಿಸಿ, ಆಮೇಲೆ ಹೋಲಿಸು.

ಇನ್ನು ನಿನ್ನ ಒಂದೂವರೆ ತಾಸು. ಅದು ಕಡಿಮೆಯೇ, ಆದರೆ ಹೀಗೆ ಓದಿದರೆ ಕೆಲಸಕ್ಕೆ ಬರುತ್ತದೆ. ಅರ್ಧ ತಾಸು ಬೆಳಗಿನ ತಂಪಿನಲ್ಲಿ ಹಳೆಯದನ್ನು ನೋಡದೆ ಬರೆಯಲು ಇಡು, ಒಂದು ತಾಸು ಸಂಜೆ ಹೊಸ ಪಾಠಕ್ಕೆ. ಹತ್ತಿ ಬಿಡಿಸುವಾಗ ಕೈಗಷ್ಟೇ ಕೆಲಸ. ಬೆಳಿಗ್ಗೆ ಬರೆದ ಪಾಠವನ್ನು ಆಗ ಅವ್ವನಿಗೆ ಕತೆಯಂತೆ ಹೇಳು, ಎಲ್ಲಿ ತಡವರಿಸಿದೆಯೋ ಸಂಜೆ ಅಲ್ಲಿಂದ ಶುರು ಮಾಡು. ರಾತ್ರಿಯಿಡೀ ಕೂತು ಓದಬೇಡ, ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಈ ಮಾತು ನಿನ್ನ ಅಪ್ಪ ಅವ್ವನಿಗೆ: ಸುಗ್ಗಿಯ ಕೂಲಿ ಮನೆಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ಆದರೂ ಹತ್ತನೇ ತರಗತಿಯ ಮಗಳನ್ನು ಕೆಲಸಕ್ಕೆಂದು ಶಾಲೆ ಬಿಡಿಸಬೇಡಿ. ತರಗತಿಯಲ್ಲಿ ಕೇಳಿ ಅರ್ಥ ಮಾಡಿಕೊಂಡದ್ದನ್ನು ಮನೆಯಲ್ಲಿ ಒಬ್ಬಳೇ ಕಲಿಯಲು ಇನ್ನೂ ಹೆಚ್ಚು ಹೊತ್ತು ಬೇಕು, ಆ ಹೊತ್ತು ಅವಳ ಬಳಿ ಇಲ್ಲ.

ಕೊನೆಯ ಎರಡು ತಿಂಗಳು ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆ. ಸಿಗದಿದ್ದರೆ ಗುರುಗಳನ್ನು ಕೇಳು, ಕೊಡುತ್ತಾರೆ. ಸಮಾಜ ವಿಜ್ಞಾನಕ್ಕೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ 20. ಬರೆದ ಮೇಲೆ ಅಂಕ ಎಣಿಸಿ ಬಿಡಬೇಡ. ತಪ್ಪಿದ ಪ್ರತಿ ಉತ್ತರದ ಪಕ್ಕದಲ್ಲಿ ಕಾರಣ ಬರೆ: ಓದಿರಲಿಲ್ಲವೋ, ಓದಿದ್ದು ನೆನಪಾಗಲಿಲ್ಲವೋ, ಗೊತ್ತಿದ್ದೂ ಪ್ರಶ್ನೆಯನ್ನು ಅವಸರದಲ್ಲಿ ಓದಿದೆಯೋ. ಓದದ್ದನ್ನು ಓದಬೇಕು, ನೆನಪಾಗದ್ದನ್ನು ನೋಡದೆ ಬರೆಯಬೇಕು. ಮೂರನೆಯದಕ್ಕೆ, ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದಲ್ಲಿ "ಕಾರಣಗಳು" ಕೇಳಿದ್ದಾರೋ "ಪರಿಣಾಮಗಳು" ಕೇಳಿದ್ದಾರೋ ಎಂದು ಪ್ರತಿ ಪ್ರಶ್ನೆಯನ್ನೂ ಎರಡು ಸಲ ನೋಡು.