ಸಂಪು, ಮೋಟಾರು, ಮತ್ತೆ ಒಂದು ನೆಟ್ಟನೆ ಗೆರೆ

2024ರ ಬೇಸಿಗೆಯನ್ನು ಬೆಂಗಳೂರಿನವರು ಸುಲಭಕ್ಕೆ ಮರೆಯುವುದಿಲ್ಲ. ಬೋರ್‌ವೆಲ್ ಬತ್ತಿ, ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಟ್ಯಾಂಕರ್ ಬಂದಾಗಲೆಲ್ಲ ವಾಚ್‌ಮನ್ ನನಗೆ ಒಂದು ಸಾಲಿನ ಮೆಸೇಜ್ ಹಾಕುತ್ತಿದ್ದರು: 'ಮಾರ್ಚ್ 11 ರಾತ್ರಿ 12000'. ನಾನು ಅದನ್ನು ಹಾಗೇ ಒಂದು ಫೈಲಿಗೆ ಸೇರಿಸುತ್ತಾ ಹೋದೆ. ಬಣ್ಣ ಇಲ್ಲ, ಚೌಕಟ್ಟು ಇಲ್ಲ, ಬರೀ ಅಕ್ಷರ.

ಮಳೆ ಶುರುವಾದ ಮೇಲೆ ಸಂಘದ ಮೀಟಿಂಗ್ ನಡೆಯಿತು. ನೆಲಮಹಡಿಯವರು ಕೇಳಿದರು: 'ರಾತ್ರಿ ಹೊತ್ತು ಎಷ್ಟು ಸಲ ಬಂದಿದೆ ಹೇಳಿ, ಮೋಟಾರ್ ಸದ್ದಿಗೆ ನಿದ್ದೆಯೇ ಇರಲಿಲ್ಲ.' ಎಸ್‌ಪಿ ರೋಡಿನಲ್ಲಿ ಕೊಂಡ ನನ್ನ ಹಳೇ ಲ್ಯಾಪ್‌ಟಾಪಿನ ಕಮಾಂಡ್ ಲೈನಿನಲ್ಲಿ, ಅಂದರೆ ಮೌಸ್ ಇಲ್ಲದೆ ಬರೀ ಟೈಪ್ ಮಾಡಿ ಕೆಲಸ ಹೇಳುವ ಕಪ್ಪು ಕಿಟಕಿಯಲ್ಲಿ, ಒಂದೇ ಸಾಲು ಟೈಪ್ ಮಾಡಿದೆ. ಬೆಳಗ್ಗೆ ಇಷ್ಟು, ರಾತ್ರಿ ಇಷ್ಟು, ಸಂಜೆ ಇಷ್ಟು ಅಂತ ಮೂರು ಸಾಲಿನ ಉತ್ತರ ಬಂತು.

ಆ ಒಂದು ಸಾಲಿನಲ್ಲಿ ಮೂರು ಪುಟ್ಟ ಪ್ರೋಗ್ರಾಂಗಳಿದ್ದವು. 'ಕಟ್' ಪ್ರತಿ ಸಾಲಿನ ಮೂರನೇ ಪದವನ್ನು ಮಾತ್ರ ಕತ್ತರಿಸಿ ಕೊಡುತ್ತದೆ. 'ಸಾರ್ಟ್' ಅವನ್ನು ಅಕಾರಾದಿಯಲ್ಲಿ ಜೋಡಿಸುತ್ತದೆ. 'ಯೂನಿಕ್' ಒಂದೇ ಥರದ ಸಾಲುಗಳನ್ನು ಒಟ್ಟು ಮಾಡಿ ಎಣಿಸುತ್ತದೆ. ಎಣಿಸೋಕೆ ಮುಂಚೆ ಜೋಡಿಸಬೇಕು ಯಾಕೆ? ಯಾಕೆಂದರೆ ಯೂನಿಕ್‌ಗೆ ನೆನಪಿರುವುದು ಹಿಂದಿನ ಒಂದು ಸಾಲು ಮಾತ್ರ. ಈಗ ಬಂದ ಸಾಲು ಹಿಂದಿನದರ ಹಾಗೇ ಇದ್ದರೆ ಲೆಕ್ಕಕ್ಕೆ ಒಂದು ಕೂಡುತ್ತದೆ. ಬೇರೆ ಬಂದರೆ ಹಳೆಯ ಲೆಕ್ಕ ಮುಗಿಸಿ ಹೊಸದು ಶುರು ಮಾಡುತ್ತದೆ. ಅದು ಕೊರತೆಯಲ್ಲ. ಅಷ್ಟು ಕಡಿಮೆ ನೆನಪಿಟ್ಟುಕೊಳ್ಳುವುದರಿಂದಲೇ ಕೋಟಿ ಸಾಲಿನ ಫೈಲ್ ಕೊಟ್ಟರೂ ಅದು ಸುಸ್ತಾಗುವುದಿಲ್ಲ. ಸಾರ್ಟ್ ಪಾಡು ಬೇರೆ. ಎಲ್ಲ ಸಾಲು ನೋಡುವ ತನಕ ಅದು ಒಂದನ್ನೂ ಹೊರಗೆ ಬಿಡುವ ಹಾಗಿಲ್ಲ, ಕಟ್ಟಕಡೆಯ ಸಾಲೇ ಮೊದಲಿಗೆ ಬರಬೇಕಾದದ್ದು ಇರಬಹುದು ಅಲ್ವಾ? ಜಾಗ ಸಾಲದಿದ್ದರೆ ಕಂತೆ ಕಂತೆಯಾಗಿ ಜೋಡಿಸಿ ಡಿಸ್ಕಿನಲ್ಲಿ ಇಟ್ಟು, ಕೊನೆಗೆ ಕಂತೆಗಳನ್ನು ಹೆಣೆಯುತ್ತದೆ.

ಈ ಮೂರನ್ನು ಜೋಡಿಸಿದ್ದು ನೆಟ್ಟಗೆ ನಿಂತ ಒಂದು ಗೆರೆ. ಅದರ ಹೆಸರು ಪೈಪ್. ಪ್ರೋಗ್ರಾಂಗಳನ್ನು ತೋಟದ ನೀರಿನ ಮೆದುಗೊಳವೆಯ ಹಾಗೆ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಅಂತ ಅಮೆರಿಕದ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ ಬರೆದಿದ್ದರು. ಅದೇ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಹುಟ್ಟಿದ್ದು 1969ರಲ್ಲಿ. 1973ರಲ್ಲಿ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಒಂದೇ ರಾತ್ರಿ ಕೂತು ಪೈಪನ್ನು ಅದರೊಳಗೆ ತಂದರು. ಮರುವರ್ಷ, 1974ರಲ್ಲಿ, ಬೆಂಗಳೂರಿಗೆ ಕಾವೇರಿ ಮೊದಲ ಹಂತದ ನೀರು ಬಂತು. ಇವೆರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ನೀರು ಮೇಲೆತ್ತುವ ಈ ಊರಿನವರಿಗೆ ಪೈಪ್ ಅರ್ಥ ಮಾಡಿಸುವುದು ಕಷ್ಟವಲ್ಲ.

ನಮ್ಮ ಮನೆಗಳ ಸಂಪನ್ನೇ ನೋಡಿ. ಬೀದಿಯ ನೀರು ಸಂಪಿಗೆ ಬೀಳುತ್ತದೆ, ಮೋಟಾರ್ ಅದನ್ನು ಮಹಡಿ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಸಂಪು ತುಂಬಿದರೆ ತೇಲುವ ಬಾಲ್ ಎದ್ದು ಒಳಬರುವ ನೀರನ್ನು ಕಟ್ಟುತ್ತದೆ. ಸಂಪು ಖಾಲಿಯಾದರೆ ಮೋಟಾರ್ ನಿಲ್ಲಬೇಕು. ಪೈಪಿನ ಒಳಗೂ ಹೀಗೊಂದು ಸಂಪು ಇದೆ. ಯುನಿಕ್ಸ್ ಮಾದರಿಯಲ್ಲೇ ಕಟ್ಟಿದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಅಳತೆ 65,536 ಬೈಟ್. ಬೈಟ್ ಅಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ. ಅದು ತುಂಬಿತೋ, ಬರೆಯುವ ಪ್ರೋಗ್ರಾಂ ತಾನಾಗಿ ಮಲಗುತ್ತದೆ. ಖಾಲಿಯಾಯಿತೋ, ಓದುವ ಪ್ರೋಗ್ರಾಂ ಮಲಗುತ್ತದೆ. ಎಬ್ಬಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದು. ಹೀಗಾಗಿ ಎಷ್ಟು ದೊಡ್ಡ ಫೈಲ್ ಹರಿದರೂ ಸಂಪಿನಿಂದ ಒಂದು ಹನಿ ಉಕ್ಕಿ ಚೆಲ್ಲುವುದಿಲ್ಲ. ಕಟ್ ಬರೆದವರಿಗೆ ಸಾರ್ಟ್ ವಿಷಯ ಗೊತ್ತಿರಬೇಕಾಗಿಲ್ಲ. ನನ್ನ ಮಟ್ಟಿಗೆ ಕಂಪ್ಯೂಟರ್ ಲೋಕದ ಅತಿ ಚೆಂದದ ಕೆಲಸ ಇದು.

ಮೌಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಫೋಟೋ ನೋಡೋಕೆ, ಚಿತ್ರ ಬರೆಯೋಕೆ ಅದೇ ಸರಿ. ಆದರೆ ಮೌಸ್ ಅಂದರೆ ಬೆರಳು ಮಾಡಿ ತೋರಿಸುವುದು, ಕಣ್ಣ ಮುಂದೆ ಇದ್ದದ್ದನ್ನು ಮಾತ್ರ ತೋರಿಸಬಹುದು. ಕಮಾಂಡ್ ಲೈನ್ ಅಂದರೆ ಬಾಯಿಬಿಟ್ಟು ಹೇಳುವುದು. ಒಮ್ಮೆ ಹೇಳಿದ್ದನ್ನು ಬರೆದಿಟ್ಟುಕೊಂಡು ಮುಂದಿನ ವರ್ಷವೂ ಹೇಳಬಹುದು. ಹೇಳಿದಷ್ಟನ್ನೂ ಮಾಡಿಬಿಡುತ್ತದೆ ಅನ್ನುವ ಭಯವೂ ಇದೆ. ಅಳಿಸು ಅಂದರೆ ಅಳಿಸಿಯೇ ಬಿಡುತ್ತದೆ, ಕಸದಬುಟ್ಟಿಗೆ ಹಾಕಿ ಕಾಯುವುದಿಲ್ಲ. ಹಾಗಾಗಿ ಎಂಟರ್ ಒತ್ತುವ ಮುಂಚೆ ಸಾಲನ್ನು ಇನ್ನೊಮ್ಮೆ ಓದುವ ಅಭ್ಯಾಸ ನನಗೆ.

ಕನ್ನಡದ ಪಾಡು ಏನು? 'ಬೆಂಗಳೂರು' ಅಂತ ಕೊಟ್ಟು ಎಣಿಸು ಅಂದರೆ ಕಂಪ್ಯೂಟರ್ 24 ಬೈಟ್ ಅನ್ನುತ್ತದೆ. ನಮಗೆ ಕಾಣುವುದು ನಾಲ್ಕು ಅಕ್ಷರ. ಲೋಕದ ಲಿಪಿಗಳ ಒಂದೊಂದು ಅಕ್ಷರ, ಚಿಹ್ನೆಗೂ ಒಂದು ಸಂಖ್ಯೆ ಕೊಟ್ಟ ಪಟ್ಟಿ ಯೂನಿಕೋಡ್. ಅದರ ಲೆಕ್ಕದಲ್ಲಿ ಬ, ಎತ್ವ, ಸೊನ್ನೆ, ಗ, ಳ, ಊಕಾರದ ಕೊಂಬು, ರ, ಉಕಾರದ ಕೊಂಬು ಹೀಗೆ ಎಂಟು. ಒಂದೊಂದಕ್ಕೂ ಮೂರು ಬೈಟ್. ಆ ಸಂಖ್ಯೆಗಳನ್ನು ಹೀಗೆ ಬೈಟ್‌ಗಳಲ್ಲಿ ಬರೆಯುವ ಲೆಕ್ಕದ ಹೆಸರು ಯುಟಿಎಫ್-8. ಅದನ್ನು 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿದವರು ಅದೇ ಕೆನ್ ಥಾಂಪ್ಸನ್, ಜೊತೆಗೆ ಅವರ ಸಹೋದ್ಯೋಗಿ ರಾಬ್ ಪೈಕ್. ಕಪ್ಪು ಕಿಟಕಿಯಲ್ಲಿ ಅಕ್ಷರಕ್ಕೊಂದು ಚೌಕದ ಲೆಕ್ಕ ಇರುವುದರಿಂದ ನಮ್ಮ ಒತ್ತಕ್ಷರ ಎಷ್ಟೋ ಕಡೆ ಒಡೆದು ಕಾಣುತ್ತದೆ. ಇದು ನನಗೆ ಇಂದಿಗೂ ಬೇಸರದ ವಿಷಯ. ಕಣ್ಣಿಗೆ ಹೇಗೆ ಕಂಡರೂ ಒಳಗಿನ ಬೈಟ್‌ಗಳು ಸರಿಯಾಗಿಯೇ ಇರುತ್ತವೆ, ಹುಡುಕಿದರೆ ಸಿಗುತ್ತವೆ.

ಜೋಡಣೆಯಲ್ಲಿ ಇನ್ನೊಂದು ತೊಡಕಿದೆ. ಸಂಘದ ಕೆಲಸಗಳ ಪಟ್ಟಿಯನ್ನು ಬರೀ ಬೈಟ್ ಲೆಕ್ಕದಲ್ಲಿ ಜೋಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ. ಮೂರನೇ ಮಹಡಿಯ ನಿವೃತ್ತ ಕನ್ನಡ ಮೇಷ್ಟ್ರು ನೋಡಿದ ಕೂಡಲೇ ಹೇಳಿದರು: "'ಮಳೆನೀರು' ಮೇಲೆ, 'ಮಹಡಿ ತೊಟ್ಟಿ' ಕೆಳಗೆ ಬಂದಿದೆಯಲ್ಲ. ವರ್ಣಮಾಲೆಯಲ್ಲಿ ಹ ಆದಮೇಲೆ ತಾನೆ ಳ?" ಅವರ ಮಾತು ಸರಿ. ಭಾರತದ ಲಿಪಿಗಳಿಗೆಲ್ಲ ಒಂದೇ ಸಾಲಿನ ಮನೆ ಕಟ್ಟುವಾಗ ಯೂನಿಕೋಡ್ ನಮ್ಮ ಳ-ವನ್ನು ಲ ಪಕ್ಕದಲ್ಲೇ, ವ-ಕ್ಕಿಂತ ಮುಂಚೆ ಕೂರಿಸಿದೆ.

ಅವತ್ತು ಸಂಜೆ ಯೂನಿಕೋಡಿನ ಪಟ್ಟಿಯನ್ನು ಬಿಡಿಸಿ ನೋಡಿದೆ. ಹ ಆದಮೇಲೆ ಎರಡು ಮನೆ ಖಾಲಿ ಇವೆ, ಯಾವ ಅಕ್ಷರಕ್ಕೂ ಕೊಟ್ಟಿಲ್ಲ. 'ಸೆಡ್' ಅನ್ನುವ ಪ್ರೋಗ್ರಾಂಗೆ ಹೇಳಿದೆ: ಳ-ವನ್ನೆಲ್ಲ ಆ ಖಾಲಿ ಮನೆಗೆ ಸಾಗಿಸು. ಒಂದು ಗೆರೆ. ಸಾರ್ಟ್. ಇನ್ನೊಂದು ಗೆರೆ. ಮತ್ತೆ ಸೆಡ್, ಎಲ್ಲರನ್ನೂ ಸ್ವಂತ ಮನೆಗೆ ವಾಪಸ್ ಕಳಿಸು. ಮಾರನೇ ದಿನ ಹೊಸ ಪಟ್ಟಿ ಅಂಟಿಸಿದಾಗ ಮೇಷ್ಟ್ರು ಕನ್ನಡಕ ಏರಿಸಿ ಮೇಲಿಂದ ಕೆಳಗಿನ ತನಕ ಬೆರಳಿಟ್ಟು ಓದಿದರು. ಮಹಡಿ ತೊಟ್ಟಿ ಮೇಲಿತ್ತು, ಮಳೆನೀರು ಅದರ ಕೆಳಗೆ.