ಉತ್ತರದಾಯಿತ್ವ: ಅಂಪೈರ್‌ಗೂ ಬೇಕು, ಅಂಪೈರ್‌ಗೆ ಅಂಕ ಹಾಕುವವರಿಗೂ ಬೇಕು

ಕೊಡಗಿನಲ್ಲಿ ಹಾಕಿ ಪಂದ್ಯ ಮುಗಿದ ಮೇಲೆ ಎರಡು ಮಾತು ಕಿವಿಗೆ ಬೀಳುತ್ತವೆ. ‘ಅಂಪೈರ್ ನಿಯತ್ತಿನ ಮನುಷ್ಯ ಬಿಡಿ’ ಅಂತ ಗೆದ್ದವರು. ‘ಹಾಗಾದ್ರೆ ಆ ಪೆನಾಲ್ಟಿ ಕಾರ್ನರ್ ಯಾಕೆ ಕೊಡಲಿಲ್ಲ ಅಂತ ಹೇಳಲಿ’ ಅಂತ ಸೋತವರು. ಕೇಳುವವರಿಗೆ ಇದು ಒಂದೇ ಜಗಳ. ಆದರೆ ಇಬ್ಬರೂ ಆಡುತ್ತಿರುವುದು ಬೇರೆ ಬೇರೆ ಮಾತು. ಮೊದಲನೆಯದು ನಿಯತ್ತಿನದು. ಎರಡನೆಯದು ಉತ್ತರದಾಯಿತ್ವದ್ದು.

ನಿಯತ್ತು ಅರಬ್ಬಿ ಮೂಲದ ಪದ. ಉದ್ದೇಶ, ಸಂಕಲ್ಪ ಅಂತ ಮೂಲ ಅರ್ಥ. ಅದು ಮನಸ್ಸಿನ ಒಳಗಿನದು, ಹೊರಗಿನವರಿಗೆ ಕಾಣುವುದಿಲ್ಲ. ಉತ್ತರದಾಯಿತ್ವ ಸ್ವಲ್ಪ ಭಾರದ ಪದ, ಸರ್ಕಾರಿ ಕಾಗದಗಳಲ್ಲಿ ಜಾಸ್ತಿ ಸಿಗುತ್ತದೆ. ಬಿಡಿಸಿದರೆ ಸುಲಭ: ಉತ್ತರ ಕೊಡುವ ಹೊಣೆ. ಇದು ಒಬ್ಬರ ಒಳಗೇ ಇದ್ದರೆ ಸಾಲದು. ಕೇಳುವವರು ಬೇಕು, ಹೇಳುವವರು ಬೇಕು, ಎದುರಿಗೆ ನಾಲ್ಕು ಜನ ಬೇಕು.

ಕೊಡವರ ಮದುವೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡೂ ಕಡೆಯ ಅರುವರು ಎದುರುಬದುರು ನಿಲ್ಲುತ್ತಾರೆ. ಅರುವ ಅಂದರೆ ಒಂದು ಒಕ್ಕದ, ಅಂದರೆ ಮನೆತನದ, ಪರವಾಗಿ ನಿಂತು ಮಾತಾಡುವ, ಬೇರೆ ಒಕ್ಕದ ಹಿರಿಯ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಹೇಳುತ್ತಾರೆ, ಸೇರಿದ ನೆಂಟರಿಗೆಲ್ಲ ಕೇಳುವ ಹಾಗೆ. ಮನೆಯೊಳಗಿನವರು ಒಳಗೊಳಗೇ ಮಾತು ಮುಗಿಸುವುದಿಲ್ಲ. ಉತ್ತರದಾಯಿತ್ವ ಅನ್ನುವ ಪದ ಕೇಳಿದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬರುವುದು ಆ ದೃಶ್ಯವೇ.

ಈಗ ಮೈದಾನಕ್ಕೆ ಬರೋಣ. ಹಾಕಿಯಲ್ಲಿ ಇಬ್ಬರು ಅಂಪೈರ್‌ಗಳು. ಮೈದಾನದ ಅರ್ಧ ಒಬ್ಬರದು, ಇನ್ನರ್ಧ ಇನ್ನೊಬ್ಬರದು. ತನ್ನ ಅರ್ಧದಲ್ಲಿ ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್ ಎಲ್ಲಕ್ಕೂ ಅವರೊಬ್ಬರೇ ಹೊಣೆ. ದೊಡ್ಡ ಟೂರ್ನಿಗಳಲ್ಲಿ ವಿಡಿಯೊ ಅಂಪೈರ್ ಇರುತ್ತಾರೆ, ತಂಡಗಳು ಮರುಪರಿಶೀಲನೆ ಕೇಳಬಹುದು. ಊರಿನ ಮೈದಾನದಲ್ಲಿ ಇರುವುದು ಎರಡು ಕಣ್ಣು, ಒಂದು ಸೀಟಿ.

ಅದರ ಮೇಲೆ ಕೊಡಗಿನದೇ ಒಂದು ತೊಡಕಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಆಡಿದ್ದು 60 ಕುಟುಂಬಗಳು. ಅದೇ ಟೂರ್ನಿ 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ಅನ್ನುವ ಹೆಸರಲ್ಲಿ ನಡೆದಾಗ ಬಂದದ್ದು 360. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟು ಒಕ್ಕಗಳು ಆಡುವಾಗ ಯಾರಿಗೆ ಯಾರು ನೆಂಟರಲ್ಲ ಹೇಳಿ? ಒಂದು ತಂಡ ಅಂಪೈರ್‌ನ ಹೆಂಡತಿಯ ತವರು, ಇನ್ನೊಂದು ತಂಡದ ಗೋಲಿ ಅವನ ಜೊತೆ ಓದಿದವನು. ಇಲ್ಲಿ ‘ನನಗೆ ಯಾರೂ ಸಂಬಂಧ ಇಲ್ಲ’ ಅಂದರೆ ಆಗದ ಮಾತು. ಸಂಬಂಧ ಇದ್ದರೆ ಮೊದಲೇ ಹೇಳುವುದು, ಆ ಪಂದ್ಯ ಬಿಟ್ಟು ಬೇರೆ ಪಂದ್ಯಕ್ಕೆ ನಿಲ್ಲುವುದು, ಇದು ಆಗುವ ಮಾತು. ಹಾಗೆ ಹೇಳಿದವನ ನಿಯತ್ತನ್ನು ಯಾರೂ ಒಳಗೆ ಹೊಕ್ಕು ನೋಡಬೇಕಾಗಿಲ್ಲ.

ಹಾಗಾದರೆ ಅಂಪೈರ್‌ನನ್ನು ಕೇಳುವವರು ಯಾರು? ಅದಕ್ಕೇ ಇರುವವರು ಅಸೆಸರ್. ಗೆರೆಯ ಹೊರಗೆ ಕೂತು, ಆಟವನ್ನು ಬಿಟ್ಟು ಅಂಪೈರ್‌ನನ್ನೇ ನೋಡಿ, ಬರೆದುಕೊಂಡು, ಅಂಕ ಹಾಕುವವರು. ಅಂತರರಾಷ್ಟ್ರೀಯ ಹಾಕಿಯಲ್ಲಿ ಈ ಕೆಲಸ ಅಂಪೈರ್ ಮ್ಯಾನೇಜರ್‌ದು. ಮುಂದಿನ ಪಂದ್ಯ ಯಾರಿಗೆ, ಫೈನಲ್ ಯಾರಿಗೆ ಅನ್ನುವುದು ಆ ಬರಹದ ಮೇಲೆ ನಿಂತಿರುತ್ತದೆ. ಅಂದರೆ ಸೀಟಿಗಿಂತ ಆ ಪೆನ್ನಿಗೆ ಬಲ ಜಾಸ್ತಿ.

ನಾನು ಕೆಲವು ವರ್ಷ ಸಣ್ಣ ಪಂದ್ಯಗಳಿಗೆ ಅಂಪೈರ್ ಆಗಿ ನಿಂತಿದ್ದೆ. ಒಂದು ಸಲ ಕೊನೆಯ ಹತ್ತು ನಿಮಿಷದಲ್ಲಿ ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಒಳಗೆ, ಡಿಫೆಂಡರ್ ಕಾಲಿಗೆ ಚೆಂಡು ಬಡಿದು ದಿಕ್ಕು ಬದಲಾಯಿತು. ಪೆನಾಲ್ಟಿ ಕಾರ್ನರ್ ಕೊಡಬೇಕಾದ ತಪ್ಪು ಅದು. ನನಗೂ ಚೆಂಡಿಗೂ ನಡುವೆ ಇಬ್ಬರಿದ್ದರು, ಕಾಣಲಿಲ್ಲ. ಸೀಟಿ ಊದಲಿಲ್ಲ. ಆ ತಂಡ ಒಂದು ಗೋಲಿನಿಂದ ಸೋತಿತು. ಸಂಜೆ ನನ್ನ ಕೈಗೆ ಬಂದ ಅಸೆಸರ್ ಹಾಳೆಯಲ್ಲಿ ಹತ್ತಕ್ಕೆ ಎಂಟು ಅಂಕ, ಕೆಳಗೆ ‘ಉತ್ತಮ’ ಅಂತ ಒಂದು ಪದ. ಆಮೇಲೆ ಗೊತ್ತಾಯಿತು, ಬರೆದವರು ಆಟ ಅರ್ಧ ಆಗುವ ಹೊತ್ತಿಗೇ ಎದ್ದು ಹೋಗಿದ್ದರು. ಆ ಎಂಟು ಅಂಕ ನನಗೆ ಇವತ್ತಿಗೂ ಚುಚ್ಚುತ್ತದೆ. ಸೋತ ಹುಡುಗರಿಗೆ ನಾನು ಉತ್ತರ ಕೊಡಬೇಕಿತ್ತು. ನನ್ನನ್ನು ಕೇಳಬೇಕಾದವರೇ ಅಲ್ಲಿರಲಿಲ್ಲ. ಅವರನ್ನು ಕೇಳುವವರಂತೂ ಯಾರೂ ಇರಲಿಲ್ಲ.

ದೊಡ್ಡ ಹಗರಣಗಳೂ ಇಲ್ಲಿಂದಲೇ ಬೆಳೆಯುತ್ತವೆ. 2006ರಲ್ಲಿ ಇಟಲಿಯ ಫುಟ್‌ಬಾಲ್‌ನಲ್ಲಿ ಕಾಲ್ಚೋಪೊಲಿ ಹಗರಣ ಬಯಲಾಯಿತು. ಫೋನ್ ಮಾತುಕತೆಯ ದಾಖಲೆಗಳಲ್ಲಿ ಸಿಕ್ಕಿಬಿದ್ದದ್ದು ಬರೀ ಸೀಟಿ ಹಿಡಿದವರಲ್ಲ. ಯಾವ ಪಂದ್ಯಕ್ಕೆ ಯಾವ ರೆಫ್ರಿ ಅಂತ ನಿರ್ಧರಿಸುವವರ ಜೊತೆಗೇ ಯುವೆಂಟಸ್ ಕ್ಲಬ್‌ನ ಆಗಿನ ಜನರಲ್ ಮ್ಯಾನೇಜರ್ ಲುಚಿಯಾನೊ ಮೊಜ್ಜಿ ಮಾತಾಡುತ್ತಿದ್ದರು. ಯುವೆಂಟಸ್‌ನಿಂದ ಎರಡು ವರ್ಷದ ಪ್ರಶಸ್ತಿ ಕಿತ್ತುಕೊಂಡು, ಕೆಳಗಿನ ದರ್ಜೆಗೆ ಇಳಿಸಿದರು.

ಇನ್ನೊಂದು ಕಥೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್. ಜೋಡಿ ಸ್ಕೇಟಿಂಗ್‌ನಲ್ಲಿ ಅಂಕ ಹಾಕಿದ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡ ಇತ್ತು ಅನ್ನುವ ಗಲಾಟೆ ಎದ್ದು, ಕೊನೆಗೆ ಮೊದಲು ಗೆದ್ದಿದ್ದ ರಷ್ಯಾ ಜೋಡಿಯ ಜೊತೆಗೆ ಕೆನಡಾ ಜೋಡಿಗೂ ಚಿನ್ನ ಕೊಟ್ಟರು. ಆಮೇಲೆ ತಂದ ಹೊಸ ಪದ್ಧತಿಯಲ್ಲಿ ಯಾರು ಎಷ್ಟು ಅಂಕ ಹಾಕಿದರು ಅನ್ನುವುದನ್ನೇ ಮುಚ್ಚಿಟ್ಟರು. ಹೆಸರು ಗೊತ್ತಾಗದಿದ್ದರೆ ಒತ್ತಡ ಹಾಕುವವರಿಗೂ ಆಗುವುದಿಲ್ಲ ಅಂತ ಲೆಕ್ಕ. ಕೇಳಲು ಸರಿಯೇ. ಆದರೆ ಹೆಸರಿಲ್ಲದ ಅಂಕಕ್ಕೆ ಯಾರನ್ನು ಹೋಗಿ ಕೇಳುವುದು? 2016ರಲ್ಲಿ ಆ ಗುಟ್ಟಿನ ಪದ್ಧತಿಯನ್ನು ಬಿಟ್ಟರು. ನಿಯತ್ತನ್ನು ಕಾಯಲು ಹೋಗಿ ಉತ್ತರದಾಯಿತ್ವವನ್ನು ಕಳೆದುಕೊಂಡ ಉದಾಹರಣೆ ಇದು. ಎರಡು ಪದಗಳೂ ಒಂದೇ ಅಲ್ಲ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಘಟನೆ ನನಗೆ ಗೊತ್ತಿಲ್ಲ.

ಉತ್ತರ ಕೊಡುವುದು ಅಂದರೆ ಶಿಕ್ಷೆ ಅನುಭವಿಸುವುದು ಅಂತ ತಿಳಿಯುವವರಿದ್ದಾರೆ. ಹಾಗಲ್ಲ. 2019ರ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಓವರ್‌ಥ್ರೋಗೆ ಐದು ರನ್ ಕೊಡಬೇಕಾದಲ್ಲಿ ಆರು ಕೊಟ್ಟ ಅಂಪೈರ್ ಕುಮಾರ ಧರ್ಮಸೇನ, ಟಿವಿಯಲ್ಲಿ ಮತ್ತೆ ನೋಡಿದಾಗ ತಪ್ಪು ಅಂತ ಕಾಣುತ್ತದೆ ಎಂದು ಆಮೇಲೆ ಒಪ್ಪಿಕೊಂಡರು. ಮೈದಾನದಲ್ಲಿ ತನಗೆ ಆ ಟಿವಿ ಇರಲಿಲ್ಲ ಅಂತಲೂ ಹೇಳಿದರು. ಅದೂ ಉತ್ತರವೇ. ತಪ್ಪು ಮಾಡಿದವರೆಲ್ಲ ನಿಯತ್ತು ಕಳೆದುಕೊಂಡವರಲ್ಲ. ಈ ಮಾತನ್ನು ಗ್ಯಾಲರಿಯಲ್ಲಿ ಕೂತ ನಾವೂ ನೆನಪಿಟ್ಟುಕೊಳ್ಳಬೇಕು ಅಲ್ವಾ.

ಆ ಎಂಟು ಅಂಕದ ಪಂದ್ಯ ಆಗಿ ಎರಡು ವರ್ಷಕ್ಕೆ ನನಗೆ ಬೇರೆ ಒಬ್ಬ ಅಸೆಸರ್ ಸಿಕ್ಕಿದರು. ಹಳೆಯ ಆಟಗಾರರು, ಮಂಡಿ ನೋವು, ಕೈಯಲ್ಲಿ ಕೊಡೆ. ಪಂದ್ಯ ಮುಗಿದ ಕೂಡಲೇ ಕರೆದರು.

‘ಮೂರನೇ ಕ್ವಾರ್ಟರ್‌ನಲ್ಲಿ ಒಂದು ಫೌಲ್ ಬಿಟ್ಟೆಯಲ್ಲ. ಆಗ ಎಲ್ಲಿ ನಿಂತಿದ್ದೆ?’

‘ಡಿ ಹತ್ತಿರ, ಬಲಗಡೆ, ಸರ್.’

‘ಬಾ, ತೋರಿಸು.’

ಮಳೆಗೆ ನೆನೆದ ಹುಲ್ಲಿನ ಮೇಲೆ ನಿಧಾನಕ್ಕೆ ನಡೆದು ಬಂದರು. ನಾನು ತೋರಿಸಿದ ಜಾಗದಲ್ಲಿ ನಿಂತು, ಬಗ್ಗಿ, ಗೋಲಿನ ಕಡೆ ನೋಡಿದರು. ಎರಡು ಹೆಜ್ಜೆ ಎಡಕ್ಕೆ ಸರಿದು ಮತ್ತೆ ನೋಡಿದರು. ‘ಇಲ್ಲಿಗೆ ಬಂದಿದ್ರೆ ಕಾಣ್ತಿತ್ತು. ಅಲ್ಲಿಂದ ನನಗೂ ಕಾಣಲ್ಲ’ ಅಂದರು. ಹಾಳೆ ತೆಗೆದು ಮೊದಲು ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಪಕ್ಕದಲ್ಲೇ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿ, ಒಂದು ಪ್ರತಿ ನನಗೂ ಕೊಟ್ಟರು.