ಸ್ವಾತಂತ್ರ್ಯ ಬಂದ ಮೇಲೂ ಅಮೆರಿಕಕ್ಕೆ ನೌಕಾಪಡೆ ಯಾಕಿರಲಿಲ್ಲ?

ಓದುಗರ ಪ್ರಶ್ನೆ: ಬ್ರಿಟಿಷರನ್ನೇ ಸೋಲಿಸಿದ ದೇಶಕ್ಕೆ ನಾಲ್ಕು ಯುದ್ಧನೌಕೆ ಇಟ್ಟುಕೊಳ್ಳಲು ಏನಿತ್ತು ಕಷ್ಟ?

ದುಡ್ಡಿರಲಿಲ್ಲ, ನಿಜ. ಯುದ್ಧದ ಸಾಲ ತೀರಿಸಲಾಗದೆ 1785ರಲ್ಲಿ ಕೊನೆಯ ನೌಕೆ ‘ಅಲಯನ್ಸ್’ ಅನ್ನೂ ಮಾರಿದರು. ಆದರೆ ದುಡ್ಡಿಗಿಂತ ಜಾಸ್ತಿ ಅಡ್ಡ ಬಂದದ್ದು ಒಳಜಗಳ.

ಮಾರಿದ ವರ್ಷವೇ ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನ ಕಡಲ್ಗಳ್ಳರು ಎರಡು ಅಮೆರಿಕನ್ ಹಡಗು ಹಿಡಿದರು. ಮೊದಲಾದರೆ ಬ್ರಿಟಿಷ್ ಬಾವುಟದ ರಕ್ಷಣೆ ಇತ್ತು, ಈಗ ಕೇಳುವವರಿಲ್ಲ. 1793ರಲ್ಲಿ ಪೋರ್ಚುಗಲ್ ಅಲ್ಜಿಯರ್ಸ್ ಜೊತೆ ಕದನವಿರಾಮ ಮಾಡಿಕೊಂಡು ಅವರ ಹಡಗುಗಳು ಮೆಡಿಟರೇನಿಯನ್‌ನಿಂದ ಅಟ್ಲಾಂಟಿಕ್‌ಗೆ ಬರದಂತೆ ತಡೆಯುತ್ತಿದ್ದ ಜಿಬ್ರಾಲ್ಟರ್ ಜಲಸಂಧಿಯ ಕಾವಲು ಬಿಟ್ಟಿತು ನೋಡಿ, ಸ್ವಲ್ಪ ದಿನದಲ್ಲೇ ಇನ್ನೂ 11 ಹಡಗು ಹೋದವು, ನೂರಕ್ಕೂ ಹೆಚ್ಚು ನಾವಿಕರು ಸೆರೆಯಾದರು.

ಇಷ್ಟಾದರೂ ಸಂಸತ್ತು ಒಂದೇ ಮಾತಿಗೆ ಬರಲಿಲ್ಲ. ಕರಾವಳಿಯ ವ್ಯಾಪಾರಿಗಳ ಕಡೆಯವರು ನೌಕೆ ಬೇಕು ಅಂದರು. ಮುಂದೆ ಅಧ್ಯಕ್ಷರಾದ ಸಂಸದ ಜೇಮ್ಸ್ ಮ್ಯಾಡಿಸನ್ ಮತ್ತು ಒಳನಾಡಿನ ಅನೇಕರಿಗೆ ಬೇರೆಯದೇ ಭಯ: ನೌಕಾಪಡೆ ಬಂದರೆ ತೆರಿಗೆ ಬರುತ್ತದೆ, ಸಾಲ ಬೆಳೆಯುತ್ತದೆ, ಕೇಂದ್ರ ಸರ್ಕಾರದ ಕೈ ಬಲವಾಗುತ್ತದೆ. ಅದಕ್ಕಿಂತ ಕಪ್ಪ ಕೊಟ್ಟರೆ ಅಗ್ಗ ಅಲ್ವಾ ಅನ್ನೋ ಲೆಕ್ಕವೂ ಇತ್ತು. ಸುಮ್ನೆ ಹೇಡಿತನ ಅಂತ ತಳ್ಳಿಹಾಕುವ ವಾದವಲ್ಲ ಅದು. 1794ರ ಜನವರಿಯಲ್ಲಿ ನೌಕಾಪಡೆ ಬೇಕೆಂಬ ನಿರ್ಣಯ ಗೆದ್ದದ್ದು 46–44ರಲ್ಲಿ, ಎರಡೇ ಮತ! ಮಾರ್ಚ್ 27ಕ್ಕೆ ಅಧ್ಯಕ್ಷ ವಾಷಿಂಗ್ಟನ್ ಕಾಯ್ದೆಗೆ ಸಹಿ ಹಾಕಿದರು. ಆರು ಫ್ರಿಗೇಟ್ (ವೇಗದ ಹಾಯಿ ಯುದ್ಧನೌಕೆ), ಸುಮಾರು 6.88 ಲಕ್ಷ ಡಾಲರ್. ಜೊತೆಗೆ ವಿರೋಧಿಗಳನ್ನು ಸಮಾಧಾನ ಮಾಡಲು ಒಂದು ಷರತ್ತು: ಅಲ್ಜಿಯರ್ಸ್ ಜೊತೆ ಶಾಂತಿಯಾದರೆ ಕೆಲಸ ನಿಲ್ಲಬೇಕು.

ಆರೂ ನೌಕೆಗಳನ್ನು ಒಂದೇ ಕಡೆ ಕಟ್ಟಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು. ಹಾಗೆ ಮಾಡದೆ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಅಂತ ಆರು ಊರಿಗೆ ಹಂಚಿದರು. ಊರೂರಿಗೆ ಕೆಲಸ ಸಿಕ್ಕಿತು, ಊರೂರಲ್ಲಿ ಬೆಂಬಲವೂ ಹುಟ್ಟಿತು. ಪಕ್ಕಾ ರಾಜಕೀಯ.

ನಮಗೆ ಹತ್ತಿರದ ಒಂದು ವಿಷಯ. ಆರಿಸಿದ ಆರು ಕ್ಯಾಪ್ಟನ್‌ಗಳಲ್ಲಿ ಒಬ್ಬ ಜೋಶುವಾ ಬಾರ್ನಿ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಅನ್ನು ಹಿಡಿದವನು. ಆಗ ಅವನು ನಡೆಸುತ್ತಿದ್ದ ಹಡಗಿನ ಹೆಸರು ‘ಹೈದರ್ ಅಲಿ’, ಹೌದು, ನಮ್ಮ ಮೈಸೂರಿನ ಹೈದರನದೇ! ಆದರೆ ಹಿರಿತನದ ಪಟ್ಟಿಯಲ್ಲಿ ತನ್ನನ್ನು ಕೆಳಗಿಟ್ಟರೆಂದು ಸಿಟ್ಟಾಗಿ ಬಾರ್ನಿ ಹುದ್ದೆಯನ್ನೇ ಬೇಡವೆಂದ.

1795ರಲ್ಲಿ ಕಪ್ಪ ಕೊಟ್ಟು ಶಾಂತಿ ಆಯಿತು, ಷರತ್ತು ಜಾರಿಗೆ ಬಂತು, ಕೆಲಸ ನಿಂತಿತು. ಮತ್ತೆ ವಾದ ಮಾಡಿ 1796ರಲ್ಲಿ ಮೂರನ್ನಷ್ಟೇ ಮುಗಿಸಲು ಒಪ್ಪಿದರು. ಅವುಗಳಲ್ಲಿ ‘ಕಾನ್‌ಸ್ಟಿಟ್ಯೂಷನ್’ ಅನ್ನು 1797ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಆಡಮ್ಸ್ ಎದುರೇ ನೀರಿಗೆ ಬಿಡಲು ಹೋದರೆ, 27 ಅಡಿ ಜಾರಿ ಅಲ್ಲೇ ನಿಂತುಬಿಟ್ಟಿತು. ನೀರಿಗೆ ಇಳಿದದ್ದು ಅಕ್ಟೋಬರ್ 21ಕ್ಕೆ.

ಕೊನೆಗೆ ಜಗಳ ಬಿಡಿಸಿದ್ದು ಫ್ರಾನ್ಸ್. ಅದೂ ಅಮೆರಿಕದ ಹಡಗು ಹಿಡಿಯತೊಡಗಿದ ಮೇಲೆ, 1798ರ ಏಪ್ರಿಲ್ 30ರಂದು ನೌಕಾಪಡೆಗೆ ಪ್ರತ್ಯೇಕ ಇಲಾಖೆ ಬಂತು. ಅಲ್ಲಿಯವರೆಗೆ ಅದನ್ನು ನೋಡಿಕೊಂಡದ್ದು ಭೂಸೇನೆಯ ವ್ಯವಹಾರ ನೋಡುತ್ತಿದ್ದ ಯುದ್ಧ ಇಲಾಖೆಯೇ.